ಇಪ್ಪತ್ತೇಳನೇ ತುಪಾಕಿಯ ಗಜ

ನಮ್ಮಣ್ಣ ಜೀವಮಾನದಲ್ಲಿ ಒಂದು ಸಲವೂ ತುಪಾಕಿ ಹಾರಿಸಿದವನಲ್ಲ. ಚಿಕ್ಕವನಿದ್ದಾಗ ಬೀದಿಯಲ್ಲಿ ಸೈಕಲ್ ಟ್ಯೂಬು ಒಡೆದರೂ ಬೆಚ್ಚಿಬೀಳುತ್ತಿದ್ದ, ಬೆಚ್ಚಿಬಿದ್ದದ್ದನ್ನು ಯಾರಾದರೂ ನೋಡಿದರೇನೋ ಎಂದು ಸುತ್ತ ನೋಡುತ್ತಿದ್ದ. ಆದರೂ ಊರಿಗೆಲ್ಲ ಅವನು ತುಪಾಕಿ ಮೇಸ್ತ್ರಿ, ನಾನು ತುಪಾಕಿ ಮೇಸ್ತ್ರಿಯ ತಂಗಿ. ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವ ಅಂಗಡಿ ನನ್ನದು. ಮೂವತ್ತು ವರ್ಷದಿಂದ ಹೊಲಿದು ಹೊಲಿದು ಬೆನ್ನು ಬಗ್ಗಿದೆ, ಅರ್ಧ ಊರಿನ ಮಕ್ಕಳ ಸೊಂಟದ ಅಳತೆ ನನಗೆ ಬಾಯಿಪಾಠ. ಹಾಗಿದ್ದೂ ನನ್ನನ್ನು ಯಾರೂ ದರ್ಜಿ ಎನ್ನಲಿಲ್ಲ, ಮೇಸ್ತ್ರಿಯ ತಂಗಿ ಎಂದೇ ಕರೆದರು. ಮೊದಲೆಲ್ಲ ಅದನ್ನು ಕೇಳಿದರೆ ಹೆಮ್ಮೆಯಾಗುತ್ತಿತ್ತು. ಈಗ ಮೈ ಉರಿಯುತ್ತದೆ. ಯಾಕೆಂದು ಹೇಳಿಬಿಡುತ್ತೇನೆ, ಒಳಗೇ ಇಟ್ಟುಕೊಂಡು ಸಾಕಾಗಿದೆ.

ನಮ್ಮಪ್ಪ ಬೀಗ ಮತ್ತು ಕೊಡೆ ರಿಪೇರಿ ಮಾಡುತ್ತಿದ್ದವರು. ಸೈಕಲ್ ಅಂಗಡಿಯ ಹಿಂದೆ ಒಂದು ಉದ್ದನೆಯ ಕೋಣೆ, ಉತ್ತರಕ್ಕೆ ಒಂದೇ ಕಿಟಕಿ. ಕಿಟಕಿಯ ಕೆಳಗೆ ಮರದ ಮೇಜು, ಮೇಜಿಗೆ ಕಚ್ಚಿದ ಎರಡು ಇಕ್ಕಳ. ಅಪ್ಪ ಸತ್ತಾಗ ಅಣ್ಣನಿಗೆ ಇಪ್ಪತ್ತು, ನನಗೆ ಹತ್ತು. ಅಮ್ಮ ಅದಕ್ಕೂ ಮೊದಲೇ ಹೋಗಿದ್ದಳು. ಅಪ್ಪನ ಸ್ಟೂಲಿನ ಮೇಲೆ ಅಣ್ಣ ಕೂತ, ಅಷ್ಟೇ. ಅಡುಗೆ ಮಾಡಿದ, ನನ್ನ ಜಡೆ ಹೆಣೆದ, ಶಾಲೆಗೆ ಕಳಿಸಿದ. ಜಡೆ ಸೊಟ್ಟಗಾದರೆ ಬಿಚ್ಚಿ ಮತ್ತೆ ಹೆಣೆಯುತ್ತಿದ್ದ, ಶಾಲೆಗೆ ತಡವಾದರೂ ಸರಿಯೇ. ಅವನ ಕೈಯಿಂದ ಸೊಟ್ಟ ಕೆಲಸ ಹೊರಗೆ ಹೋಗುವುದಿಲ್ಲ ಎಂಬುದನ್ನು ನಾನು ನನ್ನ ತಲೆಗೂದಲಿನಿಂದಲೇ ಕಲಿತೆ. ಆ ನಂಬಿಕೆಯೇ ಮುಂದೆ ನನ್ನ ಸಂಸಾರವನ್ನು ತಿಂದದ್ದು.

ಮೊದಲನೆಯ ತುಪಾಕಿ ದೀಪದ ಕಂಬವಾಗಿ ಬಂತು. ನಿವೃತ್ತ ಅಧಿಕಾರಿಯೊಬ್ಬರು ಹಳೆಯ ತುಪಾಕಿಯ ಬಾಯಿಗೆ ಬಲ್ಬು ಸಿಕ್ಕಿಸಿ, ನಳಿಗೆಯೊಳಗೆ ವೈರು ಎಳೆದು ದಿವಾನಖಾನೆಯಲ್ಲಿ ನಿಲ್ಲಿಸಿದ್ದರು. ವೈರು ಸುಟ್ಟಿತ್ತು. ರಿಪೇರಿಗೆ ಬಂದ ದೀಪವನ್ನು ಅಣ್ಣ ಬಿಚ್ಚಿದ, ಮರದ ಹಿಡಿಯ ತುದಿಯ ಹಿತ್ತಾಳೆ ತಗಡಿನ ಮೇಲಿನ ಕಿಲುಬು ಒರೆಸಿದ, ಅಲ್ಲಿ ಯಾವುದೋ ದಂಡಿನ ಗುರುತು ಮತ್ತು ಒಂದು ಸಂಖ್ಯೆ ಕಂಡಿತು. ಅವತ್ತು ಊಟಕ್ಕೆ ಏಳಲಿಲ್ಲ. ಕಡಲಾಚೆಯಿಂದ ಬಂದು ಇಲ್ಲಿ ಆಳಿದವರು ಇಂಥ ಸಾವಿರಾರು ತುಪಾಕಿಗಳನ್ನು ಹಡಗಿನಲ್ಲಿ ತಂದಿದ್ದರು. ಹೊಸವು ಅವರ ಜನಕ್ಕೆ, ಸವೆದವು ಇಲ್ಲಿನ ಸಿಪಾಯಿಗಳಿಗೆ. ಇನ್ನೂ ಸವೆದರೆ ನಳಿಗೆಯನ್ನು ಕತ್ತರಿಸಿ ಗಿಡ್ಡ ಮಾಡಿ ಜೈಲಿನ ಕಾವಲುಗಾರರಿಗೆ, ಅರಣ್ಯದವರಿಗೆ. ಕೊನೆಗೆ ಕಬ್ಬಿಣದ ತೂಕಕ್ಕೆ. ಇದನ್ನೆಲ್ಲ ಅಣ್ಣ ಗುಜರಿ ಅಂಗಡಿಗಳನ್ನು ಸುತ್ತಿ, ಹಳೆ ಕಡತಗಳನ್ನು ಬೇಡಿ ಓದಿ ತಿಳಿದುಕೊಂಡ. ಹತ್ತು ವರ್ಷದಲ್ಲಿ ತುಪಾಕಿ ಸಂಗ್ರಹಿಸುವವರೆಲ್ಲ ಅವನ ಬಾಗಿಲಿಗೆ ಬರತೊಡಗಿದರು.

ಈ ಸಂಗ್ರಹದವರೆಂದರೆ ಒಂದು ಬೇರೆಯೇ ಜಾತಿಯ ಪ್ರಾಣಿಗಳು. ಅವರಲ್ಲಿ ಹಲ್ಲಿನ ಡಾಕ್ಟರೊಬ್ಬರಿದ್ದರು, ಈಗಲೂ ಇದ್ದಾರೆ. ಅವರ ಮನೆಯಲ್ಲಿ ಐವತ್ತೆರಡು ತುಪಾಕಿಗಳು, ಅವರ ಹೆಂಡತಿಗೆ ಒಂದು ಕ್ಯಾಲೆಂಡರು ನೇತುಹಾಕಲು ಗೋಡೆಯಿಲ್ಲ. ಹೊಸದಾಗಿ ಸೇರಿದವರು ತುಪಾಕಿಯನ್ನು ಫಳಫಳ ಹೊಳೆಯುವಂತೆ ಉಜ್ಜಿಸಿಕೊಂಡು ಹೋಗಲು ಬರುತ್ತಿದ್ದರು. ಅಣ್ಣ ಅವರನ್ನು ಬಾಗಿಲಿನಿಂದಲೇ ಅಟ್ಟುತ್ತಿದ್ದ. "ನೂರೈವತ್ತು ವರ್ಷದ ಬಣ್ಣ ಅದು. ಉಜ್ಜಿದ್ರೆ ವಾಪಸ್ ಬರಲ್ಲ. ಪಾತ್ರೆ ಬೇಕಿದ್ರೆ ಪಾತ್ರೆ ಅಂಗಡಿಗೆ ಹೋಗಿ," ಎನ್ನುತ್ತಿದ್ದ. ಹಲ್ಲಿನ ಡಾಕ್ಟರಿಗೆ ಅವನು ಹೀಗೆ ಬೈಯುವುದೆಂದರೆ ಬಲು ಇಷ್ಟ. ದಿನವಿಡೀ ಬೇರೆಯವರ ಬಾಯಿ ತೆರೆಸುವ ಮನುಷ್ಯ, ಇಲ್ಲಿ ಬಂದು ತಾವೇ ಬಾಯಿ ಮುಚ್ಚಿಕೊಂಡು ಕೂರುತ್ತಿದ್ದರು.

ಗಜದ ವಿಷಯವನ್ನು ಇಲ್ಲಿಯೇ ಹೇಳಬೇಕು, ಇಡೀ ಕತೆ ಅದರ ಮೇಲೆ ನಿಂತಿದೆ. ಇಂಥ ತುಪಾಕಿಗೆ ಮದ್ದು, ಗುಂಡು ಎರಡನ್ನೂ ಬಾಯಿಯಿಂದ ಸುರಿದು, ಉದ್ದನೆಯ ಕಬ್ಬಿಣದ ಕೋಲಿನಿಂದ ತಳಕ್ಕೆ ತುರುಕುತ್ತಿದ್ದರು. ಆ ಕೋಲೇ ಗಜ. ನಳಿಗೆಯ ಕೆಳಗೆ ಮರದ ಹಿಡಿಯಲ್ಲಿ ಅದಕ್ಕೊಂದು ತೂತು, ಅದರಲ್ಲೇ ಅದರ ವಾಸ. ಓಡಿಹೋಗುವ ಗಡಿಬಿಡಿಯಲ್ಲಿ ತುಂಬಿದ ತುಪಾಕಿಯನ್ನು ಹಾಗೆಯೇ ಬಿಟ್ಟುಹೋದ ಸಿಪಾಯಿಗಳು ಎಷ್ಟೋ ಮಂದಿ. ಒಣಗಿದ ಮದ್ದು ನೂರು ವರ್ಷವಾದರೂ ಸಾಯುವುದಿಲ್ಲ. ಅದಕ್ಕೆ ಹಳೆಯ ತುಪಾಕಿ ಕೈಗೆ ಬಂದರೆ ಮೊದಲು ಮಾಡುವ ಕೆಲಸ, ಗಜವನ್ನು ನಳಿಗೆಯೊಳಗೆ ಬಿಟ್ಟು ನೋಡುವುದು. ಗಜದ ತುದಿ ನಳಿಗೆಯ ಬಾಯಿಗೆ ಸಮವಾಗಿ ನಿಂತರೆ ಒಳಗೆ ಖಾಲಿ. ಮೇಲೆ ಚಾಚಿಕೊಂಡು ನಿಂತರೆ ತಳದಲ್ಲಿ ಏನೋ ಇದೆ. ಇನ್ನೊಂದು ಗುರುತು ಶಬ್ದದ್ದು. ಖಾಲಿ ನಳಿಗೆಯಲ್ಲಿ ಗಜ ಕಬ್ಬಿಣಕ್ಕೆ ಬಡಿದು ಠಣ್ ಎನ್ನುತ್ತದೆ, ತುಂಬಿದ್ದರೆ ದಪ್ ಎನ್ನುತ್ತದೆ. "ಗಜ ಸುಳ್ಳು ಹೇಳಲ್ಲ," ಎಂದು ಅಣ್ಣ ಬಂದವರಿಗೆಲ್ಲ ಹೇಳುತ್ತಿದ್ದ.

ನನ್ನ ಯಜಮಾನರು ನಮ್ಮ ಮನೆಗೆ ಬಂದದ್ದೂ ತುಪಾಕಿಗಳ ಜೊತೆಯಲ್ಲೇ. ಸರ್ಕಾರಿ ಕಟ್ಟಡವೊಂದರ ಗೋಡೆ ಒಡೆದಾಗ ಹಿಂದೆ ಒಂದು ಮುಚ್ಚಿದ ಕೋಣೆ, ಕೋಣೆಯಲ್ಲಿ ನಲವತ್ತು ತುಪಾಕಿ ಸಿಕ್ಕಿದವು. ಅವನ್ನು ಸಂಗ್ರಹಾಲಯಕ್ಕೆ ಕೊಟ್ಟರು, ಸಂಗ್ರಹಾಲಯದವರು ಅಣ್ಣನಿಗೆ ಕೊಟ್ಟರು. ಲಾರಿಯ ಜೊತೆ ಕಾವಲಿಗೆ ಬಂದ ಸಂಗ್ರಹಾಲಯದ ನೌಕರ ಇವರು. ಇಳಿಸುವಾಗ ಒಂದು ಸಲ, ಒಳಗಿಟ್ಟ ಮೇಲೆ ಒಂದು ಸಲ, ಹೊರಡುವಾಗ ಮತ್ತೊಂದು ಸಲ ತುಪಾಕಿಗಳನ್ನು ಎಣಿಸಿದರು. ಅಣ್ಣ ಅವತ್ತೇ ನನಗೆ, "ಮೂರು ಸಲ ಎಣಿಸೋ ಮನುಷ್ಯ. ನಿನಗೆ ಅವ್ರನ್ನ ಕೇಳ್ತೀನಿ, ಒಪ್ತೀಯಾ?" ಎಂದ. ನಾನು ಒಪ್ಪಿದೆ. ಆರು ತಿಂಗಳಿಗೆ ಮದುವೆ ಗೊತ್ತಾಯಿತು, ಮದುವೆಯ ವಾರಕ್ಕೇ ತುಪಾಕಿಗಳನ್ನು ವಾಪಸು ಕೊಡುವ ಗಡುವೂ ಬಂತು.

ಸಂಗ್ರಹಾಲಯದ ಕಟ್ಟಪ್ಪಣೆ ಏನೆಂದರೆ ಹೊರಗಿನದನ್ನು ಮಾತ್ರ ಸರಿಮಾಡಬೇಕು, ನಳಿಗೆಯ ಒಳಗೆ ಕೈಹಾಕಬಾರದು. ಹಳೆಯ ಗಜಗಳು ತುಕ್ಕು ಹಿಡಿದು ಪುಡಿಯಾಗಿದ್ದವು, ಅವಕ್ಕೆ ಬದಲು ಹೊಸವನ್ನು ಮಾಡಿ ಸಿಕ್ಕಿಸಬೇಕು. ಅಣ್ಣ ನಲವತ್ತು ಗಜಗಳನ್ನು ಕೊನೆಯ ವಾರ ಕೂತು ಮಾಡಿದ. ಪ್ರತಿಯೊಂದರ ಮೇಲೂ ತುಪಾಕಿಯ ಸಂಖ್ಯೆಯನ್ನು ಅಚ್ಚೊತ್ತಿದ. ಮದುವೆಯ ಹಿಂದಿನ ದಿನ ಲಾರಿ ಬಂತು, ಯಜಮಾನರು ಮದುವೆ ಗಂಡಾಗಿದ್ದರೂ ಬಂದು ಮೂರು ಸಲ ಎಣಿಸಿಕೊಂಡು ಹೋದರು. ನಾವೆಲ್ಲ ಎಷ್ಟು ನಕ್ಕಿದ್ದೆವು.

ನಾಲ್ಕು ವರ್ಷ ಚೆನ್ನಾಗಿತ್ತು. ಪ್ರತಿ ಶನಿವಾರ ಹನ್ನೊಂದು ಗಂಟೆಗೆ ಯಜಮಾನರು ಶಾಲೆ ಮಕ್ಕಳಿಗೆ ತುಪಾಕಿ ತೋರಿಸುತ್ತಿದ್ದರು. ಇಪ್ಪತ್ತೇಳನೆಯದನ್ನೇ ಎತ್ತಿಕೊಳ್ಳುತ್ತಿದ್ದರು, ಅದರ ಕುದುರೆ ಒಳ್ಳೆ ಕಿಡಿ ಹಾರಿಸುತ್ತಿತ್ತು. ಕುದುರೆ ಎಂದರೆ ಚಕಮಕಿ ಕಲ್ಲನ್ನು ಕಚ್ಚಿಕೊಂಡು ಬಡಿಯುವ ಕೊಕ್ಕು. ಜನ ಬರುವ ಮೊದಲು, ಹತ್ತೂವರೆಗೆ, ಒಬ್ಬರೇ ನಿಂತು ಗಜ ಬಿಟ್ಟು ನೋಡಿ ಪುಸ್ತಕದಲ್ಲಿ ಸಹಿ ಹಾಕಬೇಕು. ನಿಯಮ ಬರೆದುಕೊಟ್ಟವನು ಅಣ್ಣನೇ. ಆಮೇಲೆ ಹೊಸ ಅಧಿಕಾರಿಯೊಬ್ಬರು ಬಂದರು. ಬರೀ ಕಿಡಿ ನೋಡಿ ಮಕ್ಕಳು ಆಕಳಿಸುತ್ತಾರೆ, ಬಟ್ಟಲಿನಲ್ಲಿ ಒಂದು ಚಿಟಿಕೆ ಮದ್ದು ಹಾಕಿ ಹೊಗೆ ಬರಿಸಿ ಎಂದರು. ತುಪಾಕಿಯ ಪಕ್ಕದಲ್ಲಿರುವ ಪುಟ್ಟ ಬಟ್ಟಲದು. ಅಲ್ಲಿಂದ ನಳಿಗೆಯ ತಳಕ್ಕೆ ಸೂಜಿ ಹೋಗುವಷ್ಟು ತೂತಿದೆ.

ಹಾಗೆ ಮದ್ದು ಹಾಕಿದ ಮೊದಲ ಶನಿವಾರವೇ ಆ ತುಪಾಕಿ ಹಾರಿತು. ಯಜಮಾನರು ಅದರ ಬಾಯಿಯನ್ನು ಮಕ್ಕಳ ಕಡೆಗೆ ಹಿಡಿದಿರಲಿಲ್ಲ, ಪಕ್ಕದ ಮುಚ್ಚಿದ ಬಾಗಿಲಿನ ಕಡೆಗೆ ಹಿಡಿದಿದ್ದರು. ಇನ್ನೊಂದು ಶಾಲೆಯವರು ಬಂದಿದ್ದಾರೆ, ಒಳಗೆ ಬಿಡಲೇ ಎಂದು ಕೇಳಲು ಟಿಕೆಟ್ ಕೊಡುವ ಹೆಂಗಸು ಅದೇ ಬಾಗಿಲನ್ನು ತೆರೆದಳು. ಟಿಕೆಟ್ ಅಕ್ಕ ಎಂದೇ ಎಲ್ಲರೂ ಕರೆಯುತ್ತಿದ್ದುದು. ನನ್ನ ಬಳಿ ಎರಡು ರವಿಕೆ ಹೊಲಿಯಲು ಕೊಟ್ಟಿದ್ದಳು, ಒಂದಕ್ಕೆ ತೋಳು ಹಚ್ಚುವುದು ಬಾಕಿಯಿತ್ತು. ನೂರೈವತ್ತು ವರ್ಷದ ಹಿಂದೆ ಯಾವನೋ ಸಿಪಾಯಿ ಯಾರಿಗೋ ಎಂದು ತುಂಬಿಟ್ಟ ಗುಂಡು ಅವಳ ಕತ್ತಿಗೆ ಬಿತ್ತು. ಆಸ್ಪತ್ರೆಗೆ ಒಯ್ಯುವಷ್ಟೂ ಹೊತ್ತು ಇರಲಿಲ್ಲ.

ಯಜಮಾನರು ಒಂದೇ ಮಾತು ಹೇಳಿದರು. ಪೊಲೀಸರಿಗೂ, ಅಧಿಕಾರಿಗೂ, ನನಗೂ ಅದೇ ಮಾತು. "ನಾನು ಗಜ ಹಾಕಿದ್ದೆ. ಬಾಯಿ ಸಮಕ್ಕೆ ನಿಂತಿತ್ತು." ಹಾಕಿದ್ದು ನಿಜವಾದರೆ ಅವರ ತಪ್ಪಿಲ್ಲ, ಹಾಕದಿದ್ದರೆ ಜೈಲು. ಅವರು ಗಜ ಹಾಕಿದ್ದರೋ ಇಲ್ಲವೋ ಎಂಬ ಒಂದೇ ಪ್ರಶ್ನೆಯ ಮೇಲೆ ನಮ್ಮ ಸಂಸಾರ ಹತ್ತೊಂಬತ್ತು ವರ್ಷ ನೇತಾಡಿತು.

ಪೊಲೀಸರು ತುಪಾಕಿಯನ್ನು ಪರೀಕ್ಷೆಗೆ ಅಣ್ಣನ ಬಳಿಗೇ ತಂದರು. ಆರೋಪಿಯ ಭಾವ ಎಂದು ಗೊತ್ತಿತ್ತು. ಆದರೆ ಊರಿನಲ್ಲಿ ಆ ವಿದ್ಯೆ ಬಲ್ಲವರು ಬೇರೆ ಯಾರೂ ಇರಲಿಲ್ಲ. ಎರಡು ದಿನ ಅದು ಅವನ ಮೇಜಿನ ಮೇಲೆ ಇತ್ತು. ಎರಡನೆಯ ದಿನ ಮಧ್ಯಾಹ್ನ ನಾನು ಓಡಿಹೋದೆ. ಅಣ್ಣ ಕಿಟಕಿಗೆ ಮುಖ ಮಾಡಿ ಕೂತು ಒಂದು ಕಬ್ಬಿಣದ ಕೋಲಿಗೆ ಅರ ಹಾಕುತ್ತಿದ್ದ. ನಾನು ಕರೆದೆ, ತಿರುಗಲಿಲ್ಲ. ಎಷ್ಟೋ ವರ್ಷದಿಂದ ಹಾಗೆಯೇ, ಕರೆದರೆ ಓಗೊಡುತ್ತಿರಲಿಲ್ಲ, ಹೆಸರು ಬಂದ ಮೇಲೆ ಗರ್ವ ಬಂದಿದೆ ಎಂದು ನಾವೆಲ್ಲ ಆಡಿಕೊಳ್ಳುತ್ತಿದ್ದೆವು. ಭುಜ ಮುಟ್ಟಿದೆ.

"ಅವ್ರು ಗಜ ಹಾಕಿದ್ದೆ ಅಂತಾರಲ್ಲ ಅಣ್ಣ," ಎಂದೆ.

ಅವನು ನನ್ನ ಬಾಯಿಯನ್ನೇ ನೋಡಿದ. ಆಮೇಲೆ, "ಹಾಕಿದ್ರೆ ಗೊತ್ತಾಗ್ತಿತ್ತು," ಎಂದ.

"ಅಂದ್ರೆ ಹಾಕಿಲ್ವಾ?"

"ಈ ಕಡೆ ತುದಿ ಹಿಡ್ಕೋ," ಎಂದ. ಕೋಲು ಉದ್ದವಿತ್ತು, ಅರ ಹಾಕುವಾಗ ನಡುಗುತ್ತಿತ್ತು. ನಾನು ಕಣ್ಣೊರೆಸಿಕೊಂಡು ಹಿಡಿದುಕೊಂಡೆ. ಅವನು ಮುಗಿಸುವವರೆಗೂ ಹಿಡಿದುಕೊಂಡೇ ನಿಂತಿದ್ದೆ. ಅದು ಏನು, ಯಾವುದಕ್ಕೆ ಎಂದು ಕೇಳಲಿಲ್ಲ. ಅಣ್ಣನ ಕೈಯಲ್ಲಿ ಯಾವಾಗಲೂ ಒಂದು ಕೋಲು ಇದ್ದೇ ಇರುತ್ತಿತ್ತು.

ಕೋರ್ಟಿನಲ್ಲಿ ಅವನು ಇಪ್ಪತ್ತೇಳನೇ ತುಪಾಕಿಗೆ ಅದರ ಗಜವನ್ನು ಬಿಟ್ಟು ತೋರಿಸಿದ. ಬಾಯಿಗೆ ಕೂದಲೆಳೆ ಹೆಚ್ಚುಕಡಿಮೆಯಿಲ್ಲದೆ ಸಮವಾಗಿ ನಿಂತಿತು. "ಒಳಗೆ ಗುಂಡು ಇದ್ದಿದ್ರೆ ಇದು ನಾಲ್ಕು ಬೆರಳು ಮೇಲೆ ನಿಲ್ತಿತ್ತು. ಕುರುಡನಿಗೂ ಕೈಗೆ ತಾಗ್ತಿತ್ತು. ಗಜ ಸುಳ್ಳು ಹೇಳಲ್ಲ ಸ್ವಾಮಿ," ಎಂದ. ಪುಸ್ತಕದಲ್ಲಿ ಯಜಮಾನರ ಸಹಿ ಇದೆಯಲ್ಲ ಎಂದು ನಮ್ಮ ವಕೀಲರು ವಾದಿಸಿದರು. ಸಹಿಯನ್ನು ಅಭ್ಯಾಸಬಲದಿಂದ ಹಾಕಿರಬಹುದು ಎಂದು ನ್ಯಾಯಾಧೀಶರು ಹೇಳಿಬಿಟ್ಟರು. ಊರೆಲ್ಲ ಅಣ್ಣನನ್ನು ಕೊಂಡಾಡಿತು. ತಂಗಿಯ ಗಂಡ ಎಂದೂ ನೋಡದೆ ಸತ್ಯ ಹೇಳಿದ ಎಂದು. ಅವನ ಬಾಗಿಲಿಗೆ ಬರುವ ತುಪಾಕಿಗಳು ಎರಡರಷ್ಟಾದವು.

ಇನ್ನು ನನ್ನ ಪಾಲಿನದು. ತೀರ್ಪಿಗೆ ಒಂದು ವಾರ ಮೊದಲು ಜೈಲಿಗೆ ಭೇಟಿಗೆ ಹೋಗಿದ್ದೆ. ಯಜಮಾನರು ಜಾಲರಿಯ ಆ ಕಡೆ ನಿಂತು, "ನೀನು ನಂಬ್ತೀಯಾ?" ಎಂದು ಕೇಳಿದರು. ನಾನು ಹೌದು ಎನ್ನಲಿಲ್ಲ. ನಾನು ಹೇಳಿದ್ದು ಇದು: "ಅಣ್ಣ ತಪ್ಪು ಹೇಳೋನಲ್ಲ. ಮರೆತಿರ್ತೀರ, ಒಪ್ಕೊಂಡ್ಬಿಡಿ. ಶಿಕ್ಷೆ ಕಮ್ಮಿ ಆಗುತ್ತಂತೆ." ಭೇಟಿಯ ಸಮಯ ಇನ್ನೂ ಇತ್ತು, ಅವರೇ ತಿರುಗಿ ಒಳಗೆ ಹೋದರು. ಎರಡು ವರ್ಷ ಶಿಕ್ಷೆಯಾಯಿತು.

ಬಿಡುಗಡೆಯಾಗಿ ಬಂದವರನ್ನು ಸಂಗ್ರಹಾಲಯ ಮತ್ತೆ ಸೇರಿಸಿಕೊಳ್ಳಲಿಲ್ಲ. ನನ್ನ ಅಂಗಡಿಯಲ್ಲಿ ಗುಂಡಿ ಹಚ್ಚಲು, ಕಾಜಾ ಹೊಲಿಯಲು ಕೂತರು. ಜಗಳವಾಡಲಿಲ್ಲ, ಕುಡಿಯಲಿಲ್ಲ, ನನ್ನನ್ನು ಒಂದು ದಿನವೂ ಬೈಯಲಿಲ್ಲ. ಆದರೆ ಒಂದು ಕಾಯಿಲೆ ಹತ್ತಿಕೊಂಡಿತು. ಯಾವ ಬೀಗವನ್ನೂ ಒಬ್ಬರೇ ಹಾಕಲಾರರು. ಸಂಜೆ ಅಂಗಡಿ ಮುಚ್ಚುವಾಗ, "ಬಾ, ನೋಡು," ಎಂದು ಕರೆಯುತ್ತಾರೆ. ನಾನು ಹೋಗಿ ನಿಲ್ಲಬೇಕು. ಅವರು ಬೀಗ ಒತ್ತಿ, ಎರಡು ಸಲ ಜಗ್ಗಿ, "ನೋಡ್ದೆ ಅಲ್ವಾ?" ಎನ್ನುತ್ತಾರೆ. ನಾನು "ನೋಡ್ದೆ" ಎನ್ನಬೇಕು. ಗ್ಯಾಸು ಆರಿಸಿದರೂ ಹಾಗೆಯೇ, ನಲ್ಲಿ ತಿರುಗಿಸಿದರೂ ಹಾಗೆಯೇ. ಎಷ್ಟೋ ಸಲ ಕೈಯಲ್ಲಿ ಕೆಲಸವಿದ್ದಾಗ, ನಿಮ್ಮ ಬೀಗ ನೋಡೋಕೆ ಒಬ್ಬ ಗುಮಾಸ್ತನ್ನ ಇಟ್ಕೊಳ್ಳಿ ಎಂದು ಗೊಣಗಿದ್ದೇನೆ. ಒಮ್ಮೆ ಗಿರಾಕಿಗಳ ಮುಂದೆ ಅವರನ್ನು ಅಣಕಿಸಿಯೂ ತೋರಿಸಿದ್ದೆ. ಎಲ್ಲರೂ ನಕ್ಕರು, ಅವರೂ ನಕ್ಕರು. ಇದನ್ನು ಬರೆಯುವಾಗ ನನಗೆ ನನ್ನ ಮೇಲೇ ಹೇಸಿಗೆಯಾಗುತ್ತಿದೆ.

ಹೋದ ವರ್ಷ ಅಣ್ಣನಿಗೆ ಕೈ ನಡುಕ ಹತ್ತಿತು. ಕಿವಿಯಂತೂ ಅಷ್ಟರಲ್ಲಿ ಪೂರ್ತಿ ಹೋಗಿತ್ತು, ಅದನ್ನು ಮುಚ್ಚಿಡಲು ಸಾಧ್ಯವೇ ಇರಲಿಲ್ಲ. ಅಂಗಡಿಯಲ್ಲಿ ಇದ್ದಬದ್ದ ಸಾಮಾನನ್ನೆಲ್ಲ ಹಲ್ಲಿನ ಡಾಕ್ಟರಿಗೆ ಕೊಟ್ಟುಬಿಡುವುದೆಂದು ಮಾತಾಯಿತು. ವಿಂಗಡಿಸಲು ನಾನೂ ಹೋಗಿದ್ದೆ. ಅಣ್ಣ ಒಂದು ಚೂರು ಕಬ್ಬಿಣವನ್ನೂ ಎಸೆದವನಲ್ಲ, ಮೊಳೆ ಮೊಳೆಗೂ ಡಬ್ಬಿ, ಡಬ್ಬಿಗೆ ಚೀಟಿ. ಎಲ್ಲದರ ಮೇಲೂ ಬೆರಳು ದಪ್ಪ ಧೂಳು. ಡಾಕ್ಟರು ಕಪಾಟಿನ ಹಿಂದಿನಿಂದ ಎಣ್ಣೆಬಟ್ಟೆಯಲ್ಲಿ ಸುತ್ತಿದ ಉದ್ದನೆಯದೊಂದು ಗಂಟನ್ನು ಎಳೆದರು. ಅದರ ಮೇಲೆ ಮಾತ್ರ ಧೂಳು ಇರಲಿಲ್ಲ.

ಒಳಗೆ ಒಂದು ಗಜ. ಅದಕ್ಕೆ ತಂತಿಯಿಂದ ಬಿಗಿದ ನಾಲ್ಕು ಬೆರಳು ಉದ್ದದ ತುಂಡು. ಎರಡರ ಮೇಲೂ ಇಪ್ಪತ್ತೇಳು ಎಂದು ಅಚ್ಚು.

ಡಾಕ್ಟರು ತುಂಡನ್ನು ಬಿಡಿಸಿ ಗಜದ ತುದಿಗೆ ಹಿಡಿದರು. ಎರಡೂ ಕೂಡಿ ಒಂದಾದವು. "ಇದ್ಯಾಕೆ ಇಷ್ಟು ಕತ್ತರಿಸಿದ್ದಾರೆ?" ಎಂದರು, ತಮ್ಮಷ್ಟಕ್ಕೆ. "ಆ ನಲವತ್ತು ತುಪಾಕಿಯೂ ಒಂದೇ ಅಳತೆಯವು. ಸಂಗ್ರಹಾಲಯದಲ್ಲಿ ನಾನೇ ಎಲ್ಲವನ್ನೂ ಅಳೆದಿದ್ದೀನಿ. ಈ ಗಜವನ್ನ ಖಾಲಿ ನಳಿಗೆಗೆ ಬಿಟ್ಟರೆ ನಾಲ್ಕು ಬೆರಳು ಒಳಗೆ ಮುಳುಗಿಹೋಗುತ್ತೆ. ಒಳಗೆ ಮದ್ದು ಗುಂಡು ಇದ್ದರೆ ಮಾತ್ರ..." ಅಲ್ಲಿಗೆ ನಿಲ್ಲಿಸಿದರು. ನನ್ನ ಮುಖ ನೋಡಿದರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತ ಹೊರಗೆ ಹೋದರು.

ಅಳತೆಯ ಕಸುಬಿನವಳು ನಾನು, ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಹೊಟ್ಟೆ ಉಬ್ಬಿಸಿ ನಿಂತವನ ಅಳತೆ ತೆಗೆದು ಚಡ್ಡಿ ಹೊಲಿದಂತೆ, ತುಂಬಿದ ನಳಿಗೆಯೊಳಗೆ ಬಿಟ್ಟು ಗಜವನ್ನು ಕತ್ತರಿಸಿದ್ದಾನೆ. ಒಳಗೆ ಗುಂಡಿರುವಾಗಲೇ ಅದು ಬಾಯಿಗೆ ಸಮವಾಗಿ ನಿಲ್ಲುತ್ತದೆ. ನಾಲ್ಕು ವರ್ಷ, ಪ್ರತಿ ಶನಿವಾರ, ಯಜಮಾನರು ಗಜ ಹಾಕಿದ್ದರು, ಅದು ಸಮವಾಗಿಯೇ ನಿಂತಿತ್ತು. ಅವರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಅಣ್ಣ ಸ್ಟೂಲಿನ ಮೇಲೆ ಕೂತು ನನ್ನ ಕೈಯಲ್ಲಿದ್ದುದನ್ನು ನೋಡುತ್ತಿದ್ದ. ಮಾತಾಡಿದರೆ ಕೇಳುವುದಿಲ್ಲ. ಸೀರೆಯ ಸೊಂಟದಲ್ಲಿ ಸಿಕ್ಕಿಸಿದ್ದ ದರ್ಜಿ ಸೀಮೆಸುಣ್ಣ ತೆಗೆದು ಅವನ ಮೇಜಿನ ಮೇಲೆ ಬರೆದೆ. ಹೇಗಾಯಿತು?

"ಇಪ್ಪತ್ತಾರು ಮುಗಿಸಿದ್ದೆ," ಎಂದ. ಕೇಳದವರ ಜೋರು ಧ್ವನಿ, ಹೊರಗೆ ನಿಂತ ಡಾಕ್ಟರಿಗೂ ಕೇಳಿಸಿರಬೇಕು. "ಎಲ್ಲಾ ಒಂದೇ ಅಳತೆ. ಇಪ್ಪತ್ತೇಳನೇದ್ರೊಳಗೆ ಬಿಟ್ರೆ ನಾಲ್ಕು ಬೆರಳು ಮೇಲೆ ನಿಂತ್ಕೊಳ್ತು. ನಳಿಗೆ ಕತ್ತರಿಸಿ ಗಿಡ್ಡ ಮಾಡಿದ್ದು ಇರ್ಬೇಕು ಅಂದ್ಕೊಂಡೆ. ಅಂಥವು ಎಷ್ಟೋ ನೋಡಿದ್ದೆ."

ಹೊರಗಿನಿಂದ ಅಳೆಯಲಿಲ್ಲವೇ?

"ನಿನ್ನ ಮದ್ವೆಗೆ ಮೂರು ದಿನ ಇತ್ತು."

ಶಬ್ದ?

ಅವನು ಆ ಪದವನ್ನು ಬೆರಳಿನಿಂದ ಒರೆಸಿದ. "ಕೇಳಿಸ್ಲಿಲ್ಲ. ಆಗ್ಲೇ ಕೇಳಿಸ್ತಿರ್ಲಿಲ್ಲ. ಕಿವಿ ಇಲ್ದೋನಿಗೆ ಯಾರು ತುಪಾಕಿ ಕೊಡ್ತಾರೆ? ಬಾಯಿ ನೋಡಿ ಮಾತು ತಿಳ್ಕೊಳ್ತಿದ್ದೆ."

ಪೊಲೀಸರು ತುಪಾಕಿ ತಂದಿಟ್ಟ ದಿನವೇ ಅವನಿಗೆ ಗೊತ್ತಾಗಿತ್ತು. ಗಜ ಬಿಟ್ಟಾಗ ಅದು ಒಳಗೆ ಮುಳುಗಿತು. ಮಾರನೆಯ ದಿನ ಸರಿಯಾದ ಅಳತೆಯ ಹೊಸ ಗಜ ಮಾಡಿದ, ಅದೇ ಅಚ್ಚು ಒತ್ತಿದ, ಅದನ್ನೇ ಕೋರ್ಟಿಗೆ ಒಯ್ದ. "ಎರಡು ವರ್ಷ ಅಂತ ವಕೀಲರು ಹೇಳಿದ್ರು. ಎರಡು ವರ್ಷ ತಾನೇ, ಕಳೆದುಹೋಗುತ್ತೆ ಅಂದ್ಕೊಂಡೆ. ನನ್ನ ಹೆಸರು ಹೋದ್ರೆ ವಾಪಸ್ ಬರ್ತಿರ್ಲಿಲ್ಲ," ಎಂದ.

ಆ ಹೊಸ ಗಜದ ಇನ್ನೊಂದು ತುದಿಯನ್ನು ಹಿಡಿದುಕೊಂಡವಳು ನಾನು. ಅದನ್ನು ಬರೆಯಬೇಕೆಂದುಕೊಂಡೆ, ಸೀಮೆಸುಣ್ಣ ಮುರಿಯಿತು. ಅವನಿಗೆ ಹೊಡೆದುಬಿಡಬೇಕು ಎನ್ನಿಸಿದ್ದು ನಿಜ. ನನ್ನ ಜಡೆ ಹೆಣೆದ ಕೈಗಳು ತೊಡೆಯ ಮೇಲೆ ನಡುಗುತ್ತ ಬಿದ್ದಿದ್ದವು. ಗಜವನ್ನು ಮತ್ತೆ ನೋಡಿದೆ. ಹತ್ತೊಂಬತ್ತು ಮಳೆಗಾಲ ಕಳೆದಿವೆ, ಆ ಕೋಣೆಯಲ್ಲಿ ಸೂಜಿಗೂ ತುಕ್ಕು ಹಿಡಿಯುತ್ತದೆ. ಈ ಗಜಕ್ಕೆ ಒಂದು ಚುಕ್ಕೆ ತುಕ್ಕಿಲ್ಲ. ಪ್ರತಿ ವರ್ಷ ತೆಗೆದು, ಎಣ್ಣೆ ಸವರಿ, ಮತ್ತೆ ಸುತ್ತಿಟ್ಟಿದ್ದಾನೆ. ನೆನಪಿಲ್ಲ ಎಂದು ಹೇಳುವ ದಾರಿಯನ್ನೂ ತನಗೆ ತಾನೇ ಮುಚ್ಚಿಕೊಂಡಿದ್ದ. ಅದಕ್ಕಾಗಿ ಕನಿಕರಪಡಬೇಕೋ ಇನ್ನಷ್ಟು ಸಿಟ್ಟಾಗಬೇಕೋ ನನಗೆ ಇಂದಿಗೂ ತಿಳಿದಿಲ್ಲ.

ಕಾಗದ ಕೊಟ್ಟು ಬರೆಯಿಸಿಕೊಂಡೆ. ಇಪ್ಪತ್ತೇಳನೇ ತುಪಾಕಿಯ ಗಜವನ್ನು ನಾನು ತಪ್ಪಾಗಿ ಕತ್ತರಿಸಿದೆ, ಆಮೇಲೆ ಬದಲಾಯಿಸಿದೆ, ನನ್ನ ತಂಗಿಯ ಗಂಡನ ತಪ್ಪಿಲ್ಲ. ನಡುಗುವ ಕೈಯಲ್ಲಿ ಮೂರು ಸಾಲು ಬರೆಯಲು ಅರ್ಧ ಗಂಟೆ ಹಿಡಿಯಿತು. ಅಕ್ಷರ ಸೊಟ್ಟಗಾಯಿತು ಎಂದು ಒಂದು ಕಾಗದ ಹರಿದು ಮತ್ತೊಂದರಲ್ಲಿ ಬರೆದ. ಹೊರಡುವಾಗ, "ಅವ್ರಿಗೆ ಹೇಳ್ತೀಯಾ?" ಎಂದು ಕೇಳಿದ. ನಾನು ಗಜವನ್ನೂ ತುಂಡನ್ನೂ ಎತ್ತಿಕೊಂಡು ಹೊರಟೆ.

ಅಂಗಡಿಗೆ ಬಂದಾಗ ಯಜಮಾನರು ಒಂದು ರಾಶಿ ಅಂಗಿಗಳ ನಡುವೆ ಕೂತು ಗುಂಡಿ ಹಚ್ಚುತ್ತಿದ್ದರು. ಗಜ, ತುಂಡು, ಕಾಗದ, ಮೂರನ್ನೂ ಅವರ ಮುಂದೆ ಇಟ್ಟೆ. ಹೇಳಬೇಕಾದದ್ದನ್ನು ಹೇಳಿದೆ, ಅಳುತ್ತ ಕ್ಷಮಿಸಿ ಎಂದೆ. ಅವರು ಸೂಜಿಯನ್ನು ಅಂಗಿಗೆ ಚುಚ್ಚಿಟ್ಟು ತುಂಡನ್ನು ಕೈಗೆ ತೆಗೆದುಕೊಂಡರು. ತಮ್ಮ ನಾಲ್ಕು ಬೆರಳಿಗೆ ಹಿಡಿದು ನೋಡಿದರು.

"ಕೋರ್ಟಲ್ಲಿ ತೋರ್ಸಿದ್ದು ಹೊಸದು ಅಂತ ಗೊತ್ತಿತ್ತು," ಎಂದರು.

"ನಿಮ್ಗೆ ಗೊತ್ತಿತ್ತಾ?"

"ನಾಲ್ಕು ವರ್ಷ ಕೈಯಲ್ಲಿ ಹಿಡಿದಿದ್ದೀನಿ. ತುದೀಲಿ ಒಂದು ಗೀರು ಇತ್ತು ಇದಕ್ಕೆ, ನೋಡು, ಇಲ್ಲಿದೆ. ಅದಕ್ಕೆ ಇರ್ಲಿಲ್ಲ. ವಕೀಲರಿಗೆ ಹೇಳ್ಬೇಕು ಅಂತ ಇದ್ದೆ. ಅಷ್ಟರಲ್ಲಿ ನೀನು ಭೇಟಿಗೆ ಬಂದೆ."

"ಆಮೇಲೆ ಯಾಕೆ ಹೇಳ್ಲಿಲ್ಲ?"

"ಒಪ್ಕೊಳ್ಳಿ ಅಂದ್ಯಲ್ಲ," ಎಂದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ನೀನೇ ನಂಬ್ಲಿಲ್ಲ. ಇನ್ಯಾರಿಗೆ ತೋರ್ಸೋದು?"

ಕಾಗದವನ್ನು ಅವರು ಓದಲಿಲ್ಲ. ಮಡಿಸಿ ಗುಂಡಿಯ ಡಬ್ಬಿಯೊಳಗೆ ಹಾಕಿ ಮುಚ್ಚಳ ಮುಚ್ಚಿದರು. ಪೊಲೀಸರ ಬಳಿ ಹೋಗೋಣ, ಟಿಕೆಟ್ ಅಕ್ಕನ ಮನೆಯವರಿಗೆ ತೋರಿಸೋಣ ಎಂದೆ. "ನೋಡೋಣ," ಎಂದು ಮತ್ತೆ ಸೂಜಿ ಎತ್ತಿಕೊಂಡರು. ಶಾಲೆ ಶುರುವಾಗಲು ನಾಲ್ಕು ದಿನವಿತ್ತು, ನಲವತ್ತು ಅಂಗಿಗಳಿಗೆ ಗುಂಡಿ ಬಾಕಿಯಿತ್ತು. ಇಬ್ಬರೂ ಕೂತು ಹಚ್ಚಿದೆವು.

ಸಂಜೆ ಆರಕ್ಕೆ ಎದ್ದು ದೀಪ ಆರಿಸಿದೆವು. ನಾನು ಬೀದಿಗೆ ಇಳಿದು ಬೆನ್ನು ಹಾಕಿ ನಿಂತೆ. ಇವತ್ತಾದರೂ ಕರೆಯಲಿಕ್ಕಿಲ್ಲ ಎಂದುಕೊಂಡಿದ್ದೆ. ಕರೆಯದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಬಾಗಿಲು ಎಳೆದ ಸದ್ದು, ಚಿಲಕ ಬಿದ್ದ ಸದ್ದು ಕೇಳಿತು. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ.

"ಬಾ, ನೋಡು," ಎಂದರು.

ಹೋದೆ. ಬೀಗ ಒತ್ತಿದರು, ಎರಡು ಸಲ ಜಗ್ಗಿದರು, ನನ್ನ ಕಡೆ ತಿರುಗಿದರು.

"ನೋಡ್ದೆ," ಎಂದೆ.

ಅವರು ಬೀಗವನ್ನು ಇನ್ನೊಂದು ಸಲ ಜಗ್ಗಿ ನೋಡಿದರು.